ಮದ್ದು ಕೊಡುವವರು ಕೇಳಲಿ, ನಾವು ಹೇಳೋಣ
(ಚೆನ್ನೈಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಎಂಟನೆಯ ತರಗತಿಯವರೆಗೆ ಓದಿದವನು. ಎಂಜಲೆಲೆ ಎತ್ತಿ, ದೋಸೆಕಲ್ಲಿನ ಮುಂದೆ ನಿಂತು ಬೆಳೆದವನು. ನಿಮಗೆ ವೈದ್ಯಶಾಸ್ತ್ರ ಹೇಳಲು ಬಂದಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಹಿರಿಯ ಭಟ್ಟರೊಬ್ಬರಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಡಾಕ್ಟರರ ಮಾತ್ರೆ, ಅದರ ಮೇಲೆ ಊರಿನಿಂದ ತರಿಸಿದ ಕಷಾಯ. ನೂರಾರು ಜನಕ್ಕೆ ತಿಂಡಿ ಮಾಡಿದವರು ತಾವು ತಿನ್ನುವಾಗ ಗಂಟೆ ಹನ್ನೊಂದು. ಒಂದು ದಿನ ಒಲೆಯ ಮುಂದೆಯೇ ಬೆವತು ಕುಸಿದರು. ರಕ್ತದ ಸಕ್ಕರೆ ತೀರ ಇಳಿದಿತ್ತು. ಬೆಂಕಿಗೆ ಬೀಳದೆ ಉಳಿದದ್ದೇ ಪುಣ್ಯ. "ಬೇರೆ ಮದ್ದೇನಾದರೂ ಕುಡಿಯುತ್ತೀರಾ?" ಎಂದು ಮಾತ್ರೆ ಕೊಟ್ಟ ಅಂಗಡಿಯವನು ಕೇಳಿರಲಿಲ್ಲ. ಬೈದಾರೆಂದು ಭಟ್ಟರೂ ಹೇಳಿರಲಿಲ್ಲ.

ಎರಡು ವೈದ್ಯವನ್ನೂ ಅರಿತವರು ಬೇಕೆಂಬುದು ಈ ಊರಿಗೆ ಹೊಸ ಮಾತಲ್ಲ. 1921ರಲ್ಲಿ ಮದರಾಸು ಸರ್ಕಾರ ನೇಮಿಸಿದ ಉಸ್ಮಾನ್ ಸಮಿತಿ ಆಯುರ್ವೇದ, ಸಿದ್ಧ, ಯುನಾನಿಗಳನ್ನು ವಿಚಾರಿಸಿತು. 1925ರಲ್ಲಿ ಇಲ್ಲಿ ದೇಶೀಯ ವೈದ್ಯದ ಸರ್ಕಾರಿ ಶಾಲೆ ಶುರುವಾಯಿತು. ಕ್ಯಾಪ್ಟನ್ ಶ್ರೀನಿವಾಸಮೂರ್ತಿಗಳು ಅದರ ಮುಖ್ಯಸ್ಥರು. ಅಲ್ಲಿ ನಾಡಮದ್ದಿನ ಜೊತೆಗೆ ಪಾಶ್ಚಾತ್ಯ ವಿದ್ಯೆಯನ್ನೂ ಕಲಿಸಿದರು.

ಇಂದು ಔಷಧಶಾಸ್ತ್ರದ ಪದವಿ ಓದುವ ಮಕ್ಕಳಿಗೂ ಗಿಡಮೂಲಿಕೆಯ ಪಾಠವಿದೆ. ಇತರ ಮದ್ದಿನೊಡನೆ ಸೇರಿ ತೊಂದರೆ ಕೊಡಬಹುದಾದ ವಸ್ತುಗಳ ಪಟ್ಟಿಯಲ್ಲಿ ನಮ್ಮ ಬೆಳ್ಳುಳ್ಳಿ, ಕರಿಮೆಣಸುಗಳೂ ಇವೆ! ಸಾರಿಗೆ ಹಾಕುವಷ್ಟಕ್ಕೆ ಹೆದರಬೇಡಿ. ಆದರೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಿನ್ನುವವರು ಬೆಳ್ಳುಳ್ಳಿ ಗುಳಿಗೆಯನ್ನೂ ನುಂಗಿದರೆ ರಕ್ತಸ್ರಾವದ ಭಯವುಂಟು. ಮೆಣಸಿನ ಸಾರಸತ್ವ ಕೆಲವು ಮಾತ್ರೆಗಳನ್ನು ಮೈಗೆ ಅಳತೆ ಮೀರಿ ಸೇರಿಸುತ್ತದೆ.

ಇದು ಪರೀಕ್ಷೆಗೆ ಬಾಯಿಪಾಠವಾದರೆ ಭಟ್ಟರಿಗೇನು ಲಾಭ? ಗಿರಾಕಿಯನ್ನು ಬೈಯದೆ, ಅವನಿಗೆ ತಿಳಿಯುವ ಮಾತಿನಲ್ಲಿ ಕೇಳುವುದನ್ನೂ ಆ ಮಕ್ಕಳಿಗೆ ಕಲಿಸಬೇಕು. ಅವರನ್ನು ನಮ್ಮ ಕೋಣೆಗಳಿಗೆ ಕರೆತನ್ನಿ ಎಂದು ಕಾಲೇಜಿನವರನ್ನು ನಮ್ಮ ಸಂಘ ಕೇಳಲಿ. ರಾತ್ರಿಪಾಳಿಯವನು ಯಾವಾಗ ಉಣ್ಣುತ್ತಾನೆ, ಏನು ಕುಡಿಯುತ್ತಾನೆ ಎಂಬುದನ್ನು ಅವರು ಇಲ್ಲಿ ಕಲಿಯಲಿ.

ನಮ್ಮ ಪಾಲಿನ ಕೆಲಸವೂ ಇದೆ. ಮಾತ್ರೆ, ಲೇಹ್ಯ, ಕಷಾಯ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಡಾಕ್ಟರರ ಮುಂದಿಡಿ. ಕೇಳದೆ ಮಾತ್ರೆ ಬಿಡಬೇಡಿ. ಕಷಾಯ ಕುಡಿಯುವುದರಲ್ಲಿ ನಾಚಿಕೆಯೇನಿಲ್ಲ, ಅಣ್ಣಂದಿರೇ; ಮುಚ್ಚಿಡುವುದರಲ್ಲಿ ಅಪಾಯವಿದೆ.