ಗಾಡಿ ನಿಂತ್ರೆ ಮೊದಲು ಬಾನೆಟ್ ಅಲ್ಲ

ಈ ವಾರದ ಎಪಿಸೋಡ್ ಹಬ್ಬಕ್ಕೆ ಊರಿಗೆ ಗಾಡಿ ಓಡಿಸ್ಕೊಂಡು ಹೋಗೋರಿಗೆ. ಟೈರ್ ಬದಲಾಯಿಸೋದು ಹೇಗೆ ಅಂತ ಯೂಟ್ಯೂಬಲ್ಲಿ ಬೇಕಾದಷ್ಟು ವಿಡಿಯೋ ಇವೆ, ಅದು ಬಿಡಿ. ಹೈವೇಲಿ ಗಾಡಿ ಕೆಟ್ಟು ನಿಂತ ಮೊದಲ ಐದು ನಿಮಿಷದಲ್ಲಿ ಏನು ಮಾಡಬೇಕು, ಇವತ್ತು ಅಷ್ಟೇ ಮಾತಾಡೋಣ.

2024ರ ಜೂನ್ 28 ನೆನಪಿದೆಯಾ? ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು ದೇವರ ದರ್ಶನ ಮುಗಿಸಿ ಟೆಂಪೋ ಟ್ರಾವೆಲರ್‌ನಲ್ಲಿ ಮನೆಗೆ ವಾಪಸ್ ಬರ್ತಿದ್ರು. ಬೆಳಗಿನ ಜಾವ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ಇದೇ ಪುಣೆ–ಬೆಂಗಳೂರು ಹೆದ್ದಾರಿಲಿ, ಪಕ್ಕದಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿತು. 13 ಜನ ತೀರಿಕೊಂಡ್ರು. ಅದಕ್ಕೆ ಎಂಟು ತಿಂಗಳು ಮುಂಚೆ, 2023ರ ಅಕ್ಟೋಬರ್ 26ಕ್ಕೆ, ಚಿಕ್ಕಬಳ್ಳಾಪುರದ ಹತ್ತಿರ ನಿಂತಿದ್ದ ಟ್ಯಾಂಕರ್‌ಗೆ ಸುಮೋ ಗುದ್ದಿ ಅಲ್ಲೂ 13 ಜನ.

ಹೈವೇಲಿ ನಿಂತ ಗಾಡಿ ಅಂದ್ರೆ ರಸ್ತೆ ಮೇಲೆ ಎದ್ದ ಗೋಡೆ. ನಿಮ್ಮ ಗಾಡಿ ಕೆಟ್ಟಾಗ ಆ ಗೋಡೆ ಒಳಗೆ ಕೂತಿರೋರು ನೀವು.

ಕಾಮರ್ಸ್ ಓದಿದವನು, ಲೆಕ್ಕ ಹೇಳ್ದೆ ಇರೋಕಾಗಲ್ಲ. 80 ಕಿ.ಮೀ. ಸ್ಪೀಡಲ್ಲಿ ಬರೋ ಲಾರಿ ಸೆಕೆಂಡಿಗೆ 22 ಮೀಟರ್ ಬರುತ್ತೆ. ಡಿಕ್ಕಿಲಿರೋ ಕೆಂಪು ತ್ರಿಕೋನನ ಬಂಪರ್‌ನಿಂದ 10 ಮೀಟರ್ ಹಿಂದೆ ಇಟ್ರೆ ಆ ಡ್ರೈವರ್‌ಗೆ ಸಿಗೋದು ಅರ್ಧ ಸೆಕೆಂಡ್. ನೂರು ಹೆಜ್ಜೆ ಹಿಂದೆ ಹೋಗಿ ಇಟ್ರೆ ಸುಮಾರು ಮೂರು ಸೆಕೆಂಡ್. ಬ್ರೇಕ್ ಒತ್ತೋಕೆ, ಬಲಕ್ಕೆ ತಿರುಗಿಸೋಕೆ ಅಷ್ಟಾದ್ರೂ ಬೇಕು. ಹಿಂದೆ ತಿರುವಿದ್ರೆ ತಿರುವಿಗೂ ಮುಂಚೆ ಇಡಿ.

ನನಗೆ ಇದು ಆಗಿದ್ದು ಹಿರಿಯೂರು ತಾಲ್ಲೂಕಿನ ಆದಿವಾಲದ ಹತ್ತಿರ. ಬೆಂಗಳೂರಿಂದ ದಾವಣಗೆರೆಗೆ ಹೊರಟಿದ್ವಿ, ರಾತ್ರಿ ಹನ್ನೊಂದು ದಾಟಿತ್ತು. ಟೆಂಪರೇಚರ್ ಮುಳ್ಳು ಮೇಲೆ ಹೋಯ್ತು, ಬಾನೆಟ್ ಸಂದಿಯಿಂದ ಹಬೆ. ಎಡಕ್ಕೆ ಎಷ್ಟಾಗುತ್ತೋ ಅಷ್ಟು ಇಳಿಸಿ ಎಂಜಿನ್ ಆಫ್ ಮಾಡಿ ಹಜಾರ್ಡ್ ಲೈಟ್ ಹಾಕಿದೆ.

“ಅಮ್ಮ, ಇಳಿ.”

“ಹೊರಗೆ ಚಳಿ ಕಣೋ. ನೀನು ನೋಡ್ಕೊಂಡು ಬಾ, ನಾನು ಒಳಗೇ ಕೂತಿರ್ತೀನಿ.”

“ಇಲ್ಲಮ್ಮ, ಶಾಲು ಹೊದ್ಕೊಂಡು ಇಳಿ. ಎಡಗಡೆ ಬಾಗಿಲಿಂದಾನೇ.”

ಬೈಕೊಂಡೇ ಇಳಿದ್ರು. ಕಬ್ಬಿಣದ ತಡೆ ದಾಟಿಸಿ ಆ ಕಡೆ ನಿಲ್ಲಿಸಿದೆ. ಒಂದೊಂದು ಲಾರಿ ಹೋದಾಗಲೂ ನಿಂತ ಕಾರು ಅಲ್ಲಾಡ್ತಿತ್ತು. ಅದನ್ನ ನೋಡಿದ ಮೇಲೆ ಅಮ್ಮ ಚಳಿ ಸುದ್ದಿ ಎತ್ತಲಿಲ್ಲ.

ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ, ಕುದಿಯೋ ನೀರು ಮುಖಕ್ಕೇ ಹಾರುತ್ತೆ. “ಇನ್ನೇನು ಹಿರಿಯೂರು ಬಂತು” ಅಂತ ಓಡಿಸ್ಕೊಂಡೂ ಹೋಗಬೇಡಿ. ಹೋಸ್ ಪೈಪ್ ಒಡೆದಿದ್ರೆ ಅದು ಸಣ್ಣ ಖರ್ಚು, ನೀರಿಲ್ಲದೆ ಓಡಿಸಿ ಎಂಜಿನ್ ಹಿಡ್ಕೊಂಡ್ರೆ ಹಬ್ಬದ ಬೋನಸ್ ಪೂರ್ತಿ ಅಲ್ಲೇ ಹೋಗುತ್ತೆ.

ಆಮೇಲೆ ಫೋನ್. ರಾಷ್ಟ್ರೀಯ ಹೆದ್ದಾರಿಗೆ ನಂಬರ್ 1033. ಯಾರಿಗಾದ್ರೂ ಪೆಟ್ಟಾಗಿದ್ರೆ 112. ಯಾವ ಕಡೆ ಹೋಗ್ತಿದ್ರಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲೆ ಏನಿದೆ ಅಂತ ಹೇಳಿ. “ಒಂದು ಡಾಬಾ ಆದ್ಮೇಲೆ” ಅಂದ್ರೆ ಈ ರಸ್ತೇಲಿ ಯಾರಿಗೂ ಗೊತ್ತಾಗಲ್ಲ. ಅವರ ಕ್ರೇನ್ ಬರೋದು ಗಾಡಿನ ರಸ್ತೆಯಿಂದ ತೆಗೆಯೋಕೆ, ನಿಮ್ಮ ಮನೆವರೆಗೂ ಎಳೆಯೋಕಲ್ಲ.

ಅದಕ್ಕೆ ಇನ್ಶೂರೆನ್ಸ್‌ನಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಅನ್ನೋ ಆಡ್-ಆನ್ ಬೇರೆ ಇರುತ್ತೆ. ಬರೀ ಥರ್ಡ್ ಪಾರ್ಟಿ ಮಾಡಿಸಿದೋರು ಅದಿದೆ ಅಂದ್ಕೋಬೇಡಿ. ಹೊರಡೋ ಮುಂಚೆ ಪಾಲಿಸಿ ಪಿಡಿಎಫ್ ತೆಗೆದು ನೋಡಿ, ಎಷ್ಟು ಕಿಲೋಮೀಟರ್ ಎಳೀತಾರೆ ಅಂತ ಅಲ್ಲೇ ಬರೆದಿರುತ್ತೆ. ನಂಬರ್‌ನ ಫೋನಲ್ಲಿ ಸೇವ್ ಮಾಡ್ಕೊಳ್ಳಿ, ಪಕ್ಕದ ಸೀಟಲ್ಲಿ ಕೂರೋರ ಫೋನಲ್ಲೂ.