ಉಜಿರೆಯಿಂದ ದೇಶಕ್ಕೆ: ಬ್ಯಾಂಕುಗಳು ಕಸುಬು ಕಲಿಸಿದ ಕತೆ

ಧರ್ಮಸ್ಥಳಕ್ಕೆ ಹೋಗಿ ಬಂದವರಿಗೆ ಉಜಿರೆ ಗೊತ್ತಿರುತ್ತದೆ. ಬೆಳ್ತಂಗಡಿ ತಾಲ್ಲೂಕಿನ ಈ ಊರಿನಲ್ಲಿ 1982ರಲ್ಲಿ ಒಂದು ತರಬೇತಿ ಸಂಸ್ಥೆ ಹುಟ್ಟಿತು. ಜನ ಅದನ್ನು ಕರೆಯುವುದು ರುಡ್‌ಸೆಟ್ ಎಂದು. ಇಂದು ದೇಶದ ಬಹುತೇಕ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುತ್ತಿರುವ ಆರ್‌ಸೆಟಿ ಎಂಬ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಕೇಂದ್ರಗಳಿಗೆ ಮೂಲ ಇದೇ.

ಬ್ಯಾಂಕಿಗೂ ಪಾಠಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕರಾವಳಿಯಲ್ಲಿ ಆ ನಂಟು ಹಳೆಯದು. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲ್ ಆರಂಭಿಸಿದರು, 1894ರಲ್ಲಿ ಹೆಣ್ಣುಮಕ್ಕಳ ಶಾಲೆ. ಮುಂದೆ ಕೆನರಾ ಬ್ಯಾಂಕ್ ಆದ ನಿಧಿಯನ್ನು ಅವರು ಕಟ್ಟಿದ್ದು 1906ರಲ್ಲಿ. ಅಂದರೆ ಶಾಲೆ ಮೊದಲು ಬಂತು, ಬ್ಯಾಂಕ್ ಆಮೇಲೆ.

ಉಡುಪಿಯಲ್ಲಿ ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಲುಕಿದ್ದಾಗ, 1925ರಲ್ಲಿ, ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಇನ್ನೊಂದು ಬ್ಯಾಂಕ್ ಕಟ್ಟಿದರು. ಅದೇ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ಏಜೆಂಟರು ದಿನವೂ ಮನೆ ಬಾಗಿಲಿಗೇ ಬಂದು ಎರಡಾಣೆಯನ್ನಾದರೂ ಪಡೆದು ಬರೆದುಕೊಂಡು ಹೋಗುತ್ತಿದ್ದರು. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದ ಜನರಿಗೆ ಉಳಿತಾಯ ಕಲಿಸಿದ್ದು ಈ ಎರಡಾಣೆ. ಹಣಕಾಸು ಸಾಕ್ಷರತೆ ಎಂಬ ಮಾತು ಚಾಲ್ತಿಗೆ ಬರುವ ಎಷ್ಟೋ ಮೊದಲೇ ಆ ಕೆಲಸ ಇಲ್ಲಿ ನಡೆದಿತ್ತು.

1969ರಲ್ಲಿ ಎರಡೂ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. 1979ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ಯುವಕರ ಸ್ವ ಉದ್ಯೋಗಕ್ಕಾಗಿ ಟ್ರೈಸೆಮ್ ಯೋಜನೆ ತಂದಿತು. ಸಾಲಕ್ಕೂ ಸಬ್ಸಿಡಿಗೂ ದಾರಿಯಿತ್ತು. ಆದರೆ ಕಸುಬು ಕಲಿತವನಿಗೆ ವ್ಯಾಪಾರದ ಲೆಕ್ಕ ಬರಬೇಕಲ್ಲ? ಧೈರ್ಯ ಬೇಕಲ್ಲ?

ಅದಕ್ಕೆ ಉತ್ತರ ಸಿಕ್ಕಿದ್ದು ಉಜಿರೆಯಲ್ಲಿ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಎಸ್‌ಡಿಎಂ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂರೂ ಕೈಜೋಡಿಸಿದವು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಸಂಸ್ಥೆ ನಡೆಸಲು ಬ್ಯಾಂಕುಗಳು ತಮ್ಮ ಅಧಿಕಾರಿಗಳನ್ನೇ ನಿಯೋಜಿಸಿದವು. ಸಾಲದ ಅರ್ಜಿ ನೋಡಿ ಅಡ್ಡಡ್ಡ ತಲೆಯಾಡಿಸುತ್ತಿದ್ದ ಅಧಿಕಾರಿ ಈಗ ಕಪ್ಪು ಹಲಗೆಯ ಮುಂದೆ ನಿಂತು, ಅರ್ಜಿ ಯಾಕೆ ತಿರಸ್ಕೃತವಾಗುತ್ತದೆ ಎಂದು ಹುಡುಗರಿಗೆ ಬಿಡಿಸಿ ಹೇಳುವಂತಾಯಿತು. ಇದು ಸಣ್ಣ ಬದಲಾವಣೆಯಲ್ಲ.

ತರಗತಿಯ ಒಳಗೆ ಒಮ್ಮೆ ನೋಡೋಣ. ಬೆಳಿಗ್ಗೆ ಒಬ್ಬರು ಎದ್ದು ನಿಂತು, ನಿನ್ನೆ ಕಲಿತದ್ದರಲ್ಲಿ ಮುಖ್ಯವಾದದ್ದು ಯಾವುದು ಎಂದು ಹೇಳಬೇಕು. ಆಮೇಲೆ ಒಂದು ಆಟ. ನೆಲದ ಮೇಲೆ ಒಂದು ಗೂಟ, ಕೈಯಲ್ಲಿ ಬಳೆಯಂಥ ರಿಂಗುಗಳು. ಎಷ್ಟು ದೂರದಿಂದ ಎಸೆಯಬೇಕೆಂದು ನೀವೇ ತೀರ್ಮಾನಿಸಬೇಕು. ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ಕೆಲವರು ಗೂಟದ ಬುಡದಲ್ಲೇ ನಿಂತು ಹಾಕುತ್ತಾರೆ, ಕೆಲವರು ಗೋಡೆಯ ತನಕ ಹಿಂದೆ ಸರಿಯುತ್ತಾರೆ. ತಮ್ಮ ಕೈಯಳತೆ ತಿಳಿದವರು ನಡುವೆ ಎಲ್ಲೋ ನಿಲ್ಲುತ್ತಾರೆ. ಮೊದಲ ಸುತ್ತಿನಲ್ಲಿ ತಪ್ಪಿದವರು ಎರಡನೆಯ ಸುತ್ತಿಗೆ ಒಂದೆರಡು ಹೆಜ್ಜೆ ಮುಂದೆ ಬರುತ್ತಾರೆ. ಎಷ್ಟು ಸಾಲ ಹೊರಬಲ್ಲೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಅವರ ಪ್ರಯೋಗಗಳಿಂದ ಬಂದ ಆಟ ಇದು. 1960ರ ದಶಕದಲ್ಲಿ ಅವರು ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಇಂಥ ತರಬೇತಿ ಕೊಡಿಸಿದ್ದರು.

ಇದರ ಜೊತೆಗೆ ಕಸುಬಿನ ಕಲಿಕೆ: ಹೈನುಗಾರಿಕೆ, ಹೊಲಿಗೆ, ಮೊಬೈಲ್ ರಿಪೇರಿ, ಮೋಟಾರ್ ರಿವೈಂಡಿಂಗ್. ಪೇಟೆ ಸುತ್ತಿ ಯಾವ ಸರಕಿಗೆ ಗಿರಾಕಿ ಇದೆ ಎಂದು ವಿಚಾರಿಸಿ ಬರಬೇಕು. ಅಂಗಡಿಯ ದುಡ್ಡು ಬೇರೆ, ಮನೆಯ ದುಡ್ಡು ಬೇರೆ ಎಂದು ಲೆಕ್ಕ ಬರೆಯಲು ಕಲಿಯಬೇಕು.

ಆದರೆ ರುಡ್‌ಸೆಟ್‌ನ ನಿಜವಾದ ಹೆಚ್ಚುಗಾರಿಕೆ ತರಬೇತಿ ಮುಗಿದ ಮೇಲಿನದು. ಕಲಿತು ಹೋದವರನ್ನು ಸಂಸ್ಥೆ ಎರಡು ವರ್ಷ ವಿಚಾರಿಸುತ್ತದೆ: ಅಂಗಡಿ ತೆರೆದರೇ, ಸಾಲ ಸಿಕ್ಕಿತೇ, ಕಂತು ಕಟ್ಟಲು ಆಗುತ್ತಿದೆಯೇ ಎಂದು. 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯಲ್ಲಿ ಜಿಲ್ಲೆಗೊಂದು ಆರ್‌ಸೆಟಿ ಎಂಬ ಯೋಜನೆ ತಂದಾಗ, ಈ ಎರಡು ವರ್ಷದ ನಿಗಾವನ್ನೂ ಉಳಿಸಿಕೊಂಡಿತು.

ಈ ನಿಗಾ ಕಂಪನಿಗಳಿಗೂ ಪಾಠವಾಗಬೇಕು. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕೆಂಬ ಕಾನೂನು ಬಂದಿದೆ. ಕೌಶಲ ತರಬೇತಿಯೂ ಆ ಪಟ್ಟಿಯಲ್ಲಿದೆ. ಹಾಗೆ ಖರ್ಚು ಮಾಡುವ ಕಂಪನಿಗಳು ಎಷ್ಟು ಪ್ರಮಾಣಪತ್ರ ಹಂಚಿದೆವು ಎಂದು ಲೆಕ್ಕ ಕೊಟ್ಟರೆ ಸಾಲದು, ಎರಡು ವರ್ಷದ ನಂತರ ಎಷ್ಟು ಜನ ಸಂಪಾದಿಸುತ್ತಿದ್ದಾರೆ ಎಂಬ ಲೆಕ್ಕವನ್ನೂ ಕೊಡಬೇಕು. ಉಜಿರೆ ಅದನ್ನು ಮಾಡಿ ತೋರಿಸಿದೆ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ತರಬೇತಿ ನಿಂತಿಲ್ಲ. ನಿಮ್ಮ ಮನೆಯಲ್ಲೋ ನೆರೆಯಲ್ಲೋ 18 ತುಂಬಿ ಕೆಲಸ ಹುಡುಕುತ್ತಿರುವ ಹುಡುಗ, ಹುಡುಗಿಯರಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಗೆ ಕಳಿಸಿ, ಆರ್‌ಸೆಟಿಯ ಮುಂದಿನ ತಂಡ ಯಾವಾಗ ಎಂದು ವಿಚಾರಿಸಲು ಹೇಳಿ.