ಟಪಾಲಿನವನು ಕಾಗದ ಓದಬಾರದು

(ವಾರ್ಷಿಕ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹರೂಪ)

ರಾತ್ರಿ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ, ಊಟ ಮಾಡಿ ಪಾಳಿಗೆ ಓಡಬೇಕಾದವರೂ ಇದ್ದೀರಿ. ಹಾಗಾಗಿ ಮಾತನ್ನು ಉದ್ದ ಎಳೆಯೋದಿಲ್ಲ. ನಾನು ವಕೀಲನಲ್ಲ, ದೊಡ್ಡ ಎಂಜಿನಿಯರೂ ಅಲ್ಲ. ಮನೆಮನೆಗೆ ಹೋಗಿ ಬ್ರಾಡ್‌ಬ್ಯಾಂಡ್ ಲೈನ್ ಹಾಕುವ ಕೆಲಸದವನು. ಹಾಗಾಗಿ ಆ ಲೈನಿನ ಬಗ್ಗೆಯೇ ನಾಲ್ಕು ಮಾತು ಹೇಳ್ತೀನಿ.

ಫೇಸ್‌ಬುಕ್, ಗೂಗಲ್ ನಮ್ಮನ್ನು ಗಮನಿಸುತ್ತವೆ ಅನ್ನೋದು ಈಗ ಎಲ್ಲರಿಗೂ ಗೊತ್ತು. ಬೇಡ ಅನಿಸಿದರೆ ಆ ಅಂಗಡಿಗೆ ಹೋಗದೆ ಇರಬಹುದು. ಆದರೆ ಇಂಟರ್ನೆಟ್ ಲೈನ್ ಕೊಡುವ ಕಂಪನಿ ಅಂಗಡಿಯಲ್ಲ, ಅದು ರಸ್ತೆ. ಯಾವ ಅಂಗಡಿಗೆ ಹೋಗಬೇಕಾದರೂ ಅದರ ಮೇಲೆಯೇ ನಡೀಬೇಕು. ಆ ರಸ್ತೆಗೆ ನಾವು ತಿಂಗಳು ತಿಂಗಳು ದುಡ್ಡು ಕಟ್ಟುತ್ತೇವೆ. ದುಡ್ಡು ಇಸಕೊಂಡ ಮೇಲೆ, ನಾವು ಎಲ್ಲೆಲ್ಲಿಗೆ ಹೋಗ್ತೀವಿ ಅಂತ ಲೆಕ್ಕ ಇಟ್ಟು ಜಾಹೀರಾತಿನವರಿಗೆ ಮಾರೋದು ಸರಿಯಾ? ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಅಲ್ಲವೇ?

ನಮ್ಮ ಹಳ್ಳಿಗಳಲ್ಲಿ ಹಿಂದೆ ಅಂಚೆಯಣ್ಣ ಕಾಗದ ಓದಿ ಹೇಳ್ತಿದ್ದ. ಓದು ಬಾರದ ಅಜ್ಜಿ ಜಗಲಿ ಮೇಲೆ ಕೂರಿಸಿ, ನೀರು ಕೊಟ್ಟು, "ಓದಪ್ಪಾ" ಅಂದಾಗ ಓದ್ತಿದ್ದ. ಅಜ್ಜಿ ಕೇಳದೆ ಲಕೋಟೆ ಒಡೀತಿರಲಿಲ್ಲ. ಮಗ ಮನಿಯಾರ್ಡರ್ ಕಳಿಸಿದ್ದಾನೆ ಅಂತ ಹೋಗಿ ಬಟ್ಟೆ ಅಂಗಡಿಯವನಿಗೆ ಹೇಳಿದ್ದರೆ ಊರು ಅವನನ್ನು ಸುಮ್ಮನೆ ಬಿಡ್ತಿತ್ತೇ? ಕೇಳಿ ಓದೋದು ಬೇರೆ, ಕದ್ದು ಓದೋದು ಬೇರೆ. ಇವತ್ತಿನ ನನ್ನ ಮಾತೆಲ್ಲ ಇಷ್ಟೇ.

ಈ ಬ್ರಿಟನ್ನಿನಲ್ಲಿಯೇ ನಡೆದ ಒಂದು ಜಗಳದ ಕಥೆ ಹೇಳ್ತೀನಿ. ಆಗ ಇಲ್ಲಿ ಕೂತವರಲ್ಲಿ ಹೆಚ್ಚಿನವರು ಊರಲ್ಲೇ ಇದ್ದಿರಿ, ಕೆಲವರು ಶಾಲೆಯಲ್ಲಿದ್ದಿರಿ. 2008ರ ಫೆಬ್ರವರಿಯಲ್ಲಿ ಫಾರ್ಮ್ ಎಂಬ ಜಾಹೀರಾತು ಕಂಪನಿಯ ಜೊತೆ ಬಿಟಿ, ವರ್ಜಿನ್ ಮೀಡಿಯಾ, ಟಾಕ್‌ಟಾಕ್ ಒಪ್ಪಂದ ಮಾಡಿಕೊಂಡ ಸುದ್ದಿ ಬಂತು. ದೇಶದ ಬ್ರಾಡ್‌ಬ್ಯಾಂಡ್ ಗ್ರಾಹಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ಮೂರು ಕಂಪನಿಗಳಲ್ಲೇ ಇದ್ದರು. ಬಿಟಿಯವರು ಇದಕ್ಕೆ "ವೆಬ್‌ವೈಸ್" ಅಂತ ಹೆಸರಿಟ್ಟರು. ಮೋಸದ ವೆಬ್‌ಸೈಟುಗಳಿಂದ ನಿಮ್ಮನ್ನು ಕಾಪಾಡುತ್ತೇವೆ, ನಿಮಗೆ ಬೇಕಾದ ಜಾಹೀರಾತನ್ನೇ ತೋರಿಸುತ್ತೇವೆ ಅಂದರು.

ಅದು ಕೆಲಸ ಮಾಡುತ್ತಿದ್ದದ್ದು ಹೀಗೆ. ನೀವು ಒಂದು ಪುಟ ತೆರೆದರೆ, ಅದು ಇಂಟರ್ನೆಟ್ ಕಂಪನಿಯೊಳಗೆ ಕೂತ ಒಂದು ಯಂತ್ರದ ಮುಂದೆ ಹಾದು ಬರಬೇಕು. ಯಂತ್ರ ಆ ಪುಟದ ವಿಳಾಸವನ್ನೂ ಅದರಲ್ಲಿರುವ ಮುಖ್ಯ ಪದಗಳನ್ನೂ ನೋಡುತ್ತದೆ. ನಿಮ್ಮ ಬ್ರೌಸರಿಗೆ ಒಂದು ನಂಬರು ಕೊಟ್ಟು, "ಈ ನಂಬರಿನವರಿಗೆ ಕಾರು ಬೇಕು, ಆ ನಂಬರಿನವರಿಗೆ ಪ್ರವಾಸದ ಆಸೆ" ಅಂತ ವಿಂಗಡಿಸುತ್ತದೆ. ಹೆಸರು ಬರೆದಿಡೋದಿಲ್ಲ, ನೋಡಿದ ಪುಟಗಳನ್ನು ಉಳಿಸಿಕೊಳ್ಳೋದಿಲ್ಲ ಅಂತ ಕಂಪನಿ ಹೇಳಿತು. ಅವರ ಪರವಾಗಿ ಈ ಮಾತನ್ನೂ ಹೇಳಬೇಕು. ಆದರೆ ಜನ ಕೇಳಿದ ಪ್ರಶ್ನೆ ಬೇರೆ: ಹೆಸರು ಬರೆದುಕೊಳ್ಳದಿದ್ದರೂ ಲಕೋಟೆ ಒಡೆದದ್ದು ನಿಜ ತಾನೇ?

ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅವರೇ ಆಗ, ತಮ್ಮ ಇಂಟರ್ನೆಟ್ ಕಂಪನಿ ಹೀಗೆ ಮಾಡಿದರೆ ಕಂಪನಿಯನ್ನೇ ಬದಲಿಸುತ್ತೇನೆ ಎಂದರು. ಒಂದು ಕ್ಯಾನ್ಸರ್ ಬಗ್ಗೆ ತಾನು ಪುಸ್ತಕ ಹುಡುಕಿದ್ದು ವಿಮೆ ಕಂಪನಿಗೆ ತಲುಪೋದು ಬೇಡ ಅನ್ನೋದು ಅವರು ಕೊಟ್ಟ ಉದಾಹರಣೆ.

ಅಷ್ಟರಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಬಿಟಿ 2006ರಲ್ಲೇ ಸುಮಾರು 18,000 ಗ್ರಾಹಕರ ಮೇಲೆ, ಅವರಿಗೆ ಹೇಳದೆ ಕೇಳದೆ, ಇದನ್ನು ಪರೀಕ್ಷಿಸಿತ್ತು. 2007ರಲ್ಲಿ ಮತ್ತೊಮ್ಮೆ. ಆಗ ಕೆಲವರು ತಮ್ಮ ಬ್ರೌಸರು ಗೊತ್ತಿಲ್ಲದ ಯಾವುದೋ ವಿಳಾಸಕ್ಕೆ ಹೋಗಿ ಬರುತ್ತಿದೆ ಅಂತ ಗಮನಿಸಿ, ಕಂಪನಿಯನ್ನು ಕೇಳಿದ್ದರು. ಸರಿಯಾದ ಉತ್ತರ ಸಿಕ್ಕಿರಲಿಲ್ಲ. ಇದು ಗೊತ್ತಾದ ಮೇಲೆ ಜನ ನಿಜವಾಗಿ ಸಿಟ್ಟಾದರು.

ಸಿಟ್ಟಾಗಿ ಏನು ಮಾಡಿದರು ಅನ್ನೋದು ಮುಖ್ಯ. ಯಾರೂ ಕಲ್ಲು ಎಸೆಯಲಿಲ್ಲ. ಕಾಗದ ಬರೆದರು. ಪ್ರಧಾನಿ ಕಚೇರಿಗೆ ಕೊಟ್ಟ ಮನವಿಗೆ 21,000ಕ್ಕೂ ಹೆಚ್ಚು ಸಹಿ ಬಿತ್ತು. 2008ರ ಜುಲೈನಲ್ಲಿ ಬಿಟಿಯ ಷೇರುದಾರರ ಸಭೆ ಲಂಡನ್ನಿನ ಬಾರ್ಬಿಕನ್‌ನಲ್ಲಿ ನಡೆಯುವಾಗ ಹೊರಗೆ ನಿಂತು ಪ್ರತಿಭಟಿಸಿದರು. ಕೇಂಬ್ರಿಜ್‌ನ ರಿಚರ್ಡ್ ಕ್ಲೇಟನ್ ಎಂಬ ತಜ್ಞರು ಇದರ ಒಳಗುಟ್ಟನ್ನೆಲ್ಲ ಬಿಡಿಸಿ ವರದಿ ಬರೆದರು. ಕಾನೂನು ಬಲ್ಲವರು ಇನ್ನೊಂದು ಪಾಯಿಂಟ್ ಎತ್ತಿದರು: ಸಂದೇಶವನ್ನು ಮಧ್ಯೆ ನೋಡಬೇಕಾದರೆ ಕಳಿಸಿದವರ ಒಪ್ಪಿಗೆಯೂ ಬೇಕು, ಪಡೆದವರ ಒಪ್ಪಿಗೆಯೂ ಬೇಕು. ಅಂದರೆ ಗ್ರಾಹಕ ಒಪ್ಪಿದರೂ, ಅವನು ನೋಡುವ ವೆಬ್‌ಸೈಟ್ ಒಪ್ಪಬೇಕು. 2009ರ ಏಪ್ರಿಲ್‌ನಲ್ಲಿ ಅಮೆಜಾನ್ ನಮ್ಮ ಪುಟಗಳನ್ನು ನೋಡಕೂಡದು ಎಂದಿತು. ವಿಕಿಪೀಡಿಯ ನಡೆಸುವ ಸಂಸ್ಥೆಯೂ ಹಾಗೇ ಹೇಳಿತು. ಅದೇ ತಿಂಗಳು ಯುರೋಪಿಯನ್ ಕಮಿಷನ್, ಜನರ ಸಂದೇಶಗಳನ್ನು ನಿಮ್ಮ ಕಾನೂನು ಸರಿಯಾಗಿ ಕಾಯುತ್ತಿಲ್ಲ ಅಂತ ಬ್ರಿಟನ್ ಸರ್ಕಾರದ ಮೇಲೆಯೇ ಕ್ರಮ ಶುರು ಮಾಡಿತು. 2009ರ ಜುಲೈನಲ್ಲಿ ಬಿಟಿ ಹಿಂದೆ ಸರಿಯಿತು. ಬೇರೆ ಕೆಲಸಗಳಿಗೆ ಆದ್ಯತೆ ಅನ್ನೋದು ಅವರು ಕೊಟ್ಟ ಕಾರಣ. ಹಿಂದೆಯೇ ಟಾಕ್‌ಟಾಕ್ ಕೂಡ ಬೇಡ ಎಂದಿತು. 2016ರಲ್ಲಿ ಫಾರ್ಮ್ ಬಾಗಿಲು ಹಾಕಿತು.

ಪೂರ್ತಿ ಗೆದ್ದರು ಅಂತ ಹೇಳೋದಿಲ್ಲ. ಗುಟ್ಟಿನ ಪರೀಕ್ಷೆಗಳ ಬಗ್ಗೆ ಯಾರ ಮೇಲೂ ಮೊಕದ್ದಮೆ ಹೂಡುವುದಿಲ್ಲ ಎಂದು 2011ರಲ್ಲಿ ಸರ್ಕಾರಿ ವಕೀಲರ ಕಚೇರಿ ತೀರ್ಮಾನಿಸಿತು. ಆದರೆ ಅದೇ ವರ್ಷ ಕಾನೂನು ಬಿಗಿಯಾಯಿತು. "ಗ್ರಾಹಕರು ಒಪ್ಪಿದ್ದಾರೆ ಅಂದುಕೊಂಡಿದ್ದೆವು" ಅಂತ ಕಂಪನಿ ನುಣುಚಿಕೊಳ್ಳಲು ಇದ್ದ ದಾರಿ ಮುಚ್ಚಿತು.

ಅಮೆರಿಕದಲ್ಲಿರುವ ನಮ್ಮ ಬಂಧುಗಳ ಕಡೆಯೂ ನೋಡಿ. ಅಲ್ಲಿ 2008ರಲ್ಲಿ ಚಾರ್ಟರ್ ಎಂಬ ಕಂಪನಿ ಇಂಥದ್ದೇ ಯೋಜನೆ ತಂದು, ಗ್ರಾಹಕರೂ ಸಂಸದರೂ ಪ್ರಶ್ನೆ ಮಾಡಿದ ಮೇಲೆ ತಿಂಗಳೊಪ್ಪತ್ತಿನಲ್ಲೇ ಕೈಬಿಟ್ಟಿತು. 2013ರ ಕೊನೆಯಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಎಟಿ ಅಂಡ್ ಟಿ ಹೊಸ ಲೈನ್ ಕೊಟ್ಟಾಗ ಎರಡು ಬೆಲೆ ಇಟ್ಟಿತು: ನೋಡಲು ಬಿಟ್ಟರೆ ತಿಂಗಳಿಗೆ 70 ಡಾಲರ್, ನೋಡಬೇಡಿ ಅಂದರೆ 99 ಡಾಲರ್. ಅಂದರೆ ಮಾನ ಮುಚ್ಚಿಕೊಳ್ಳಲು 29 ಡಾಲರ್ ಬಾಡಿಗೆ! ಊರಿಗೆ ಕಳಿಸುವ ದುಡ್ಡಿನಲ್ಲಿ ಒಂದೊಂದು ಕಾಸು ಎಣಿಸುವವರು ಯಾವುದನ್ನು ಆರಿಸುತ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. 2016ರಲ್ಲಿ ಅದು ನಿಂತಿತು. ಅದೇ ವರ್ಷ, ಗ್ರಾಹಕರ ಒಪ್ಪಿಗೆ ಇಲ್ಲದೆ ಬ್ರೌಸಿಂಗ್ ವಿವರ ಬಳಸಬಾರದು ಅಂತ ಅಲ್ಲಿ ನಿಯಮ ಬಂತು. ಆದರೆ ಮರುವರ್ಷವೇ, ಅದು ಜಾರಿಯಾಗುವ ಮೊದಲೇ, ಅಮೆರಿಕದ ಕಾಂಗ್ರೆಸ್ ಅದನ್ನು ರದ್ದು ಮಾಡಿತು. ಬಂದ ಹಕ್ಕು ಹೋಗಲೂಬಹುದು, ಕಾಯುತ್ತಿರಬೇಕು.

ನಮ್ಮ ಬೆಂಗಳೂರಿನಲ್ಲೂ ಇದಕ್ಕೆ ಹತ್ತಿರದ ಒಂದು ಘಟನೆ ಆಗಿದೆ. 2015ರಲ್ಲಿ ತೇಜೇಶ್ ಜಿ. ಎನ್. ಎಂಬುವರು, ಏರ್‌ಟೆಲ್ 3ಜಿಯಲ್ಲಿ ತಮ್ಮದೇ ಬ್ಲಾಗ್ ತೆರೆದಾಗ, ತಾವು ಬರೆಯದ ಕೋಡ್ ಪುಟದೊಳಗೆ ಸೇರಿಕೊಂಡಿದ್ದನ್ನು ಕಂಡು ಬಯಲಿಗೆಳೆದರು. ಗ್ರಾಹಕರಿಗೆ ಡೇಟಾ ಬಳಕೆ ತಿಳಿಸಲು ಅಂತ ಕಂಪನಿ ಹೇಳಿತು, ಜಾಹೀರಾತಿಗೆ ಅಂತಲ್ಲ. ಉದ್ದೇಶ ಏನೇ ಇರಲಿ, ಮಧ್ಯದಲ್ಲಿ ಕೈ ಹಾಕಿದ್ದು ನಿಜ. ಆ ಕೋಡ್ ತಯಾರಿಸಿದ ಇಸ್ರೇಲಿನ ಕಂಪನಿಯಿಂದ ತೇಜೇಶರಿಗೇ ವಕೀಲರ ನೋಟಿಸು ಬಂತು! ಇನ್ನೊಂದು ಹೆಮ್ಮೆಯ ಮಾತು: 2017ರಲ್ಲಿ ಭಾರತದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನ ಮೊಕದ್ದಮೆಯಲ್ಲಿ. ವಯಸ್ಸು 80 ದಾಟಿದ ಮೇಲೆ ಅವರು ಕೋರ್ಟಿನ ಮೆಟ್ಟಿಲು ಹತ್ತಿದ್ದರು.

"ಇದೆಲ್ಲ ನಮಗ್ಯಾಕೆ? ನಮ್ಮ ಹತ್ರ ಮುಚ್ಚಿಡೋಕೆ ಏನಿದೆ?" ಅಂತ ಕೇಳಬಹುದು. ಯೋಚಿಸಿ ನೋಡಿ. ನಮ್ಮ ಬದುಕೆಲ್ಲ ಆ ಲೈನಿನ ಮೇಲೆಯೇ ನಡೆಯುತ್ತದೆ. ಊರಿಗೆ ದುಡ್ಡು ಕಳಿಸೋದು, ವೀಸಾ ಅರ್ಜಿ, ಏಜೆಂಟನಿಗೆ ಕೊಟ್ಟ ಸಾಲ, ಅಮ್ಮನ ಕಾಯಿಲೆ, ಹೊಸ ಸ್ಪಾನ್ಸರ್ ಸಿಗ್ತಾರಾ ಅಂತ ರಾತ್ರಿ ಹನ್ನೆರಡಕ್ಕೆ ಹುಡುಕೋದು. ಒಂದು ಮನೆಯಲ್ಲಿ ಆರು ಜನ ಇರ್ತೀವಿ, ಲೈನು ಒಬ್ಬರ ಹೆಸರಲ್ಲಿ. ಆ ಒಬ್ಬರು "ಒಪ್ಪಿದೆ" ಅಂತ ಒತ್ತಿದರೆ ಮಿಕ್ಕ ಐದು ಜನ ಒಪ್ಪಿದ ಹಾಗಾಯ್ತಾ? ಕಷ್ಟದಲ್ಲಿರುವವನು ಯಾರು ಅಂತ ಗೊತ್ತಾದರೆ ಅವನ ಮುಂದೆ ಬರುವ ಜಾಹೀರಾತು ಎಂಥದ್ದು? ದುಬಾರಿ ಬಡ್ಡಿಯ ಸಾಲದ್ದು, "ಗ್ಯಾರಂಟಿ ವೀಸಾ" ಅನ್ನುವವರದ್ದು.

ಈಗ ಹೆಚ್ಚಿನ ವೆಬ್‌ಸೈಟುಗಳಿಗೆ ಬೀಗದ ಗುರುತು ಇರುತ್ತದೆ. ಹಾಗಾಗಿ ಪುಟದಲ್ಲಿ ಏನಿದೆ ಅಂತ ಲೈನ್ ಕಂಪನಿಗೆ ಕಾಣೋದಿಲ್ಲ. ಆದರೆ ಯಾವ ಸೈಟಿಗೆ ಹೋದಿರಿ ಅನ್ನೋದು ಸಾಮಾನ್ಯವಾಗಿ ಈಗಲೂ ಕಾಣುತ್ತದೆ. ಒಳಗಿನ ಕಾಗದ ಕಾಣದಿದ್ದರೂ ಲಕೋಟೆ ಮೇಲಿನ ವಿಳಾಸ ಕಾಣುವ ಹಾಗೆ. ವಿಪಿಎನ್ ಹಾಕಿದರೆ ಆಯ್ತಲ್ಲ ಅಂತೀರಾ? ಆಗ ನೋಡುವವರು ವಿಪಿಎನ್ ಕಂಪನಿಯವರು. ಪುಕ್ಕಟೆ ವಿಪಿಎನ್ ಅಂದರೆ ಇನ್ನೂ ಹುಷಾರಾಗಿರಿ.

ಮಾಡಬೇಕಾದ್ದು ಮೂರೇ ಕೆಲಸ. ಒಂದು, ಈ ವಾರ ನಿಮ್ಮ ಬ್ರಾಡ್‌ಬ್ಯಾಂಡ್ ಮತ್ತು ಮೊಬೈಲ್ ಖಾತೆಗೆ ಹೋಗಿ, ಪ್ರೈವೆಸಿ ಅಥವಾ ಮಾರ್ಕೆಟಿಂಗ್ ಅಂತಿರುವ ಕಡೆ ಏನೇನು ಟಿಕ್ ಆಗಿದೆ ನೋಡಿ, ಬೇಡದ್ದನ್ನು ತೆಗೆಯಿರಿ. ಮನೆಯಲ್ಲಿ ಉಳಿದವರಿಗೂ ತಿಳಿಸಿ. ಎರಡು, "ನೇರ ಮಾರ್ಕೆಟಿಂಗ್‌ಗೆ ನನ್ನ ವಿವರ ಬಳಸಬೇಡಿ" ಅಂತ ಎರಡು ಸಾಲಿನ ಇಮೇಲ್ ಕಳಿಸಿ. ಹಾಗೆ ಹೇಳಿದ ಮೇಲೆ ಅವರು ನಿಲ್ಲಿಸಲೇಬೇಕು, ಈ ದೇಶದ ಕಾನೂನು ಇದೆ. ನನ್ನ ಬಗ್ಗೆ ನಿಮ್ಮ ಹತ್ತಿರ ಏನೇನಿದೆ ಕೊಡಿ ಅಂತಲೂ ಕೇಳಬಹುದು. ಸಾಮಾನ್ಯವಾಗಿ ಒಂದು ತಿಂಗಳೊಳಗೆ, ದುಡ್ಡು ತೆಗೆದುಕೊಳ್ಳದೆ ಕೊಡಬೇಕು. ಮೂರು, ಉತ್ತರ ಬರದಿದ್ದರೆ ಕಂಪನಿಗೆ ದೂರು ಕೊಡಿ. ಅದಕ್ಕೂ ಜಗ್ಗದಿದ್ದರೆ ಐಸಿಒ, ಅಂದರೆ ಮಾಹಿತಿ ಆಯುಕ್ತರ ಕಚೇರಿಗೆ ಬರೆಯಿರಿ.

ದೂರು ಕೊಟ್ಟರೆ ವೀಸಾಕ್ಕೆ ತೊಂದರೆ ಆಗುತ್ತದಾ ಅಂತ ಹೆದರುವವರು ನಮ್ಮಲ್ಲಿ ಬಹಳ. ನಿಮ್ಮ ವಿವರ ಕಾಯುವ ಈ ಹಕ್ಕಿಗೆ ಪಾಸ್‌ಪೋರ್ಟಿನ ಬಣ್ಣ ಮುಖ್ಯವಲ್ಲ. ಗ್ರಾಹಕನ ದೂರಿಗೂ ವೀಸಾಕ್ಕೂ ಸಂಬಂಧವಿಲ್ಲ. ಇಂಗ್ಲಿಷು ತಪ್ಪಾದರೂ ಚಿಂತೆ ಇಲ್ಲ. ಬರೆಯಲು ಕಷ್ಟ ಅನ್ನುವವರು ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕೂತುಕೊಳ್ಳಿ, ಫೋನು ತೆಗೆಯಿರಿ, ಅಲ್ಲೇ ಬರೆದು ಕಳಿಸೋಣ.